ನಾಲ್ಕನೆಯ ಅಧ್ಯಾಯದಲ್ಲಿ ಅತ್ತೆ

ಸೋಮವಾರ, ಹದಿನೇಳನೆಯ ತಾರೀಖು
ಮಧ್ಯಾಹ್ನ ಎರಡು ಗಂಟೆ

ನನ್ನ ಅಕ್ಕರೆಯ ಅತ್ತೆಗೆ,

ಅಚ್ಚಾಗುತ್ತದೆ ಅತ್ತೆ, ನಿಮ್ಮ ಮಗನ ಪುಸ್ತಕ ಕನ್ನಡದಲ್ಲಿ ಅಚ್ಚಾಗುತ್ತದೆ, ಮುಖಪುಟದ ಮೇಲೆ ಅವರ ಹೆಸರಿನ ಕೆಳಗೆ ‘ಅನುವಾದ’ ಅಂತ ಹಾಕಿ ನನ್ನ ಹೆಸರೂ ಇರುತ್ತದೆ! ಬೆಳಿಗ್ಗೆ ಹನ್ನೊಂದಕ್ಕೆ ಪ್ರಕಾಶನದ ಪತ್ರ ಬಂತು. ಅಂಚೆಯವರು ಬಾಗಿಲಲ್ಲಿ ನಿಂತಿರುವಾಗಲೇ ಲಕೋಟೆ ಹರಿದು ಓದಿ, ಅಲ್ಲೇ ಒಂದು ಸಲ ಕುಪ್ಪಳಿಸಿಬಿಟ್ಟೆ. ಅವರು ಪಾಪ, ‘ಕೆಲ್ಸ ಸಿಕ್ತಾ ಮೇಡಂ?’ ಅಂದರು. ‘ಇಲ್ಲಣ್ಣಾ, ಹೆಸರು ಸಿಕ್ತು’ ಅಂದೆ. ಅವರಿಗೆ ಏನು ಅರ್ಥವಾಯಿತೋ ಏನೋ, ‘ಒಳ್ಳೇದಾಗ್ಲಿ, ಇಲ್ಲಿ ಸಹಿ ಹಾಕಿ’ ಅಂದು ಪುಸ್ತಕ ಮುಂದಕ್ಕೆ ಹಿಡಿದರು.

ನನ್ನಂಥವಳ ಹೆಸರು, ಅತ್ತೆ! ಎಸ್ಸೆಸ್ಸೆಲ್ಸಿವರೆಗೂ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಪ್ರತಿ ವರ್ಷ ಮೂವತ್ತೈದರ ಹೊಸ್ತಿಲ ಮೇಲೆ ಎಡವಿ ಒಳಗೆ ಬಿದ್ದವಳು. ಕನ್ನಡ ಮಿಸ್ಸು ನನ್ನ ಉತ್ತರಪತ್ರಿಕೆ ಹಿಡಿದು ಇಡೀ ತರಗತಿಗೆ ತೋರಿಸಿ, ‘ಇದು ಕನ್ನಡವೋ, ಕೋಳಿ ಕೆದಕಿದ್ದೋ ನೀವೇ ಹೇಳಿ’ ಅಂದಿದ್ದರು. ಅವರಿಗೆ ಒಂದು ಪ್ರತಿ ಕಳಿಸಲೇಬೇಕು.

ಸಿಹಿ ಸುದ್ದಿ ಮುಗಿಯಿತು. ಈಗ ಇನ್ನೊಂದು. ನನಗೆ ನಿಮ್ಮ ಮಗನ ಮೇಲೆ ಕೋಪ ಬಂದಿದೆ. ಮದುವೆಯಾಗಿ ನಾಲ್ಕೇ ತಿಂಗಳು, ಇದೇನೋ ಹುಸಿಮುನಿಸು ಅಂದುಕೊಂಡು ನೀವು ನಗಬೇಡಿ. ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಎಸೆಯುತ್ತಾರಲ್ಲ, ಆ ಕೋಪ ಬೇರೆ. ಅದು ಅರ್ಧ ಗಂಟೆಯಲ್ಲಿ ಟವೆಲ್‌ಗಿಂತ ಮೊದಲೇ ಆರುತ್ತದೆ. ಇದು ಹಾಗಲ್ಲ. ನಿನ್ನೆ ಸಂಜೆಯಿಂದ ಇನ್ನೂ ಆರಿಲ್ಲ. ಅಕ್ಷರ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ನಿಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಕೆಳಗೆ ನಿಮ್ಮ ಹೊಲಿಗೆ ಕ್ಲಾಸಿನ ಹುಡುಗಿಯರ ಮಷಿನ್‌ಗಳು ಗರಗರ ಅನ್ನುತ್ತಿದ್ದವು. ನೀವು ನನ್ನನ್ನು ಮೇಲಿನ ರೂಮಿಗೆ ಕರೆದುಕೊಂಡು ಹೋಗಿ, ಬೀರು ತೆಗೆದು, ಪ್ಲಾಸ್ಟಿಕ್ ಕವರಿನೊಳಗಿಂದ ಕಪ್ಪು ರಟ್ಟಿನ ಆ ದಪ್ಪ ಪ್ರಬಂಧವನ್ನು ತೆಗೆದಿರಿ. ಅದಕ್ಕೆ ಅವರಿಗೆ ಡಾಕ್ಟರೇಟ್ ಬಂದು ಏಳು ವರ್ಷವಾಗಿತ್ತು. ಒಂದು ಪುಟದ ತುದಿಯೂ ಮಡಚಿರಲಿಲ್ಲ. ‘ಇದ್ರಲ್ಲಿ ಏನಿದೆ ಅಂತ ಕೇಳಿದ್ರೆ, ಸಮಾಜದ ಬಗ್ಗೆ ಅಮ್ಮಾ, ಇಂಗ್ಲಿಷ್‌ನಲ್ಲಿದೆ ಅಂತಾನೆ. ಸಮಾಜ ಅಂದ್ರೆ ಯಾರು? ನೀನಾದ್ರೂ ಓದಿ ಹೇಳಮ್ಮ’ ಅಂದಿರಿ. ನಾನು ಮದುವೆಯ ಗುಂಗಿನಲ್ಲಿ ‘ಆಯ್ತು ಅತ್ತೆ’ ಅಂದುಬಿಟ್ಟೆ. ಆ ಮಾತು ಕೊಟ್ಟದ್ದಕ್ಕೇ ಅನುವಾದಕ್ಕೆ ಕೂತದ್ದು. ಈಗ ಹೇಳುತ್ತೇನೆ, ಕೇಳಿ. ನಿಧಾನವಾಗಿ ಹೇಳಲು ಪ್ರಯತ್ನಿಸುತ್ತೇನೆ.

ನಿಮ್ಮ ಗಾರ್ಮೆಂಟ್ಸ್‌ನಲ್ಲಿ ಕೈಯಲ್ಲಿ ಗಡಿಯಾರ ಹಿಡಿದು ಮಷಿನ್‌ ಪಕ್ಕ ನಿಲ್ಲುವವನೊಬ್ಬ ಇದ್ದನಲ್ಲ, ಒಂದು ಕಾಲರ್‌ಗೆ ಎಷ್ಟು ಸೆಕೆಂಡು ಅಂತ ಬರೆದುಕೊಳ್ಳುವವನು? ಸಮಾಜವನ್ನು ಅಧ್ಯಯನ ಮಾಡುವವರಲ್ಲಿ ಬಹಳ ಜನ ಅವನ ಹಾಗೆ. ನೋಡುತ್ತಾರೆ, ಅಳೆಯುತ್ತಾರೆ, ಹೋಗುತ್ತಾರೆ. ಆದರೆ ಇನ್ನು ಕೆಲವರು ಇದ್ದಾರೆ. ಅವರು, ಆ ಗಡಿಯಾರ ಇವನ ಕೈಗೆ ಕೊಟ್ಟವರು ಯಾರು, ಅಳೆಸಿಕೊಳ್ಳುವವಳು ಯಾವಾಗಲೂ ಇವಳೇ ಯಾಕೆ, ನಾಲ್ಕು ವರ್ಷ ಕಳೆದ ಮೇಲೆ ಗಡಿಯಾರದವನು ಬರದಿದ್ದರೂ ಇವಳು ತನ್ನ ತಲೆಯೊಳಗೇ ಸೆಕೆಂಡು ಎಣಿಸಿಕೊಳ್ಳುವುದು ಯಾಕೆ ಅಂತ ಕೇಳುತ್ತಾರೆ. ಈ ಕೇಳುವಿಕೆಗೆ ವಿಮರ್ಶಾತ್ಮಕ ಸಾಮಾಜಿಕ ಸಿದ್ಧಾಂತ ಅನ್ನುತ್ತಾರೆ. ಅದು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಅನ್ನುವುದೇ ನಿಮ್ಮ ಮಗನ ಪುಸ್ತಕ. ಇಷ್ಟೇ! ಇದನ್ನು ನಿಮಗೆ ಹೇಳಲು ಏಳು ವರ್ಷ ಬೇಕಿತ್ತಾ ಅತ್ತೆ?

ಮೊದಲ ಅಧ್ಯಾಯದಲ್ಲಿ ಒಬ್ಬ ಬ್ರಹ್ಮಚಾರಿ ತತ್ತ್ವಜ್ಞಾನಿ ಇದ್ದಾನೆ. ದಿನಾ ಅದೇ ಹೊತ್ತಿಗೆ ವಾಕಿಂಗ್ ಹೋಗುತ್ತಿದ್ದನಂತೆ, ಊರವರು ಅವನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಎಲ್ಲವನ್ನೂ ವಿಚಾರಣೆ ಮಾಡುವ ಬುದ್ಧಿ ಮೊದಲು ತಾನೇ ಕಟಕಟೆ ಹತ್ತಲಿ ಅಂದವನು ಅವನು. ಎರಡನೆಯದರಲ್ಲಿ, ಯಜಮಾನ ಯಜಮಾನ ಆಗಬೇಕಾದರೂ ಆಳು ಅವನನ್ನು ಹಾಗೆಂದು ಒಪ್ಪಬೇಕು, ಮತ್ತು ಕೆಲಸ ಮಾಡಿ ಮಾಡಿ ಲೋಕ ತಿಳಿಯುವುದು ಆಳಿಗೇ ಅಂದವನು ಬರುತ್ತಾನೆ. ಅವನ ಹಿಂದೆಯೇ, ಕಾರ್ಮಿಕ ಸಂಘಗಳ ಗೋಡೆಪಟದಲ್ಲಿರುತ್ತಾರಲ್ಲ, ಆ ದೊಡ್ಡ ಗಡ್ಡದವರು ಬಂದು, ಒಂದು ಕಾಲದಲ್ಲಿ ಎಲ್ಲರಿಗೂ ಸಹಜ ಅನ್ನಿಸುವ ವಿಚಾರಗಳು ಕಾರ್ಖಾನೆಯ ಒಡೆಯರಿಗೇ ಯಾಕೆ ಅಷ್ಟು ಅನುಕೂಲವಾಗಿರುತ್ತವೆ ಅಂತ ಕೇಳುತ್ತಾರೆ. ಮೂರನೆಯದು ನನಗೆ ಬಹಳ ಇಷ್ಟ. ಜರ್ಮನಿಯಲ್ಲಿ ಎರಡು ಯುದ್ಧಗಳ ನಡುವೆ ಕೆಲವರು ಸೇರಿ ಒಂದು ಸಂಸ್ಥೆ ಮಾಡಿಕೊಂಡಿದ್ದರು. ದುಡಿಯುವವರು ಎದ್ದು ನಿಲ್ಲುತ್ತಾರೆ ಅಂದುಕೊಂಡಿದ್ದರೆ, ಅವರಲ್ಲೂ ಎಷ್ಟೋ ಜನ ಒಬ್ಬ ಸರ್ವಾಧಿಕಾರಿಯ ಹಿಂದೆ ಹೋಗುತ್ತಿದ್ದಾರಲ್ಲ, ಯಾಕೆ ಅಂತ ಇವರು ತಲೆ ಕೆಡಿಸಿಕೊಂಡರು. ದೇಶ ಬಿಟ್ಟು ಓಡಿಹೋಗಬೇಕಾಯಿತು. ಓಡಿದ ಕಡೆಯಲ್ಲೂ ಅದನ್ನೇ ಯೋಚಿಸಿದರು: ಮನುಷ್ಯರನ್ನು ಬಿಡಿಸಬೇಕಾದ ಬುದ್ಧಿ ಬರೀ ಲೆಕ್ಕ ಹಾಕುವ ಯಂತ್ರ ಆಗಿದ್ದು ಯಾವಾಗ? ನಮ್ಮ ಬಿಡುವಿನ ಹೊತ್ತಿನ ನಗುವನ್ನೂ ಶರಟಿನ ಹಾಗೆ ಸಾಲಾಗಿ ಹೊಲಿದು ಕೊಡುತ್ತಿದ್ದಾರಲ್ಲ? ಇಲ್ಲಿವರೆಗೆ ನಾನು ನಿಮ್ಮ ಮಗನನ್ನು ಮತ್ತೆ ಮದುವೆಯಾಗಬೇಕು ಅನ್ನುವಷ್ಟು ಚೆನ್ನಾಗಿ ಬರೆದಿದ್ದಾರೆ.

ನಾಲ್ಕನೆಯ ಅಧ್ಯಾಯದಲ್ಲಿ ನೀವಿದ್ದೀರಿ.

ಹೌದು. ಹೆಸರಿಲ್ಲ, ‘ನನ್ನ ತಾಯಿ, ಒಬ್ಬ ಉಡುಪು ಕಾರ್ಖಾನೆಯ ಕೆಲಸಗಾರ್ತಿ’ ಅಂತ ಇದೆ. ಆಳುವವರ ಅಧಿಕಾರ ಆಳಿಸಿಕೊಳ್ಳುವವರ ಒಳಗೇ ಹೇಗೆ ಮನೆ ಮಾಡುತ್ತದೆ ಅನ್ನುವುದಕ್ಕೆ ನೀವು ಉದಾಹರಣೆ. ಮೂರು ಪುಟ. ಹನ್ನೊಂದು ವರ್ಷ ನೀವು ಕೆಲಸದಿಂದ ಬಂದು ಏನೂ ಮಾತಾಡುತ್ತಿರಲಿಲ್ಲವಂತೆ. ತನ್ನ ನೋವಿಗೆ ಭಾಷೆಯೇ ಇಲ್ಲದವರಂತೆ ನೀವು. ಅವರಿಗೆ ಒಂಬತ್ತು ವರ್ಷವಿದ್ದಾಗ ಪೆನ್ಸಿಲ್ ಹುಡುಕುತ್ತಾ ನಿಮ್ಮ ಟ್ರಂಕು ತೆಗೆದರಂತೆ. ಕರವಸ್ತ್ರದಲ್ಲಿ ಸುತ್ತಿದ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತಂತೆ, ಮೇಲೆ ಮೂರು ಅಂತ ಕೊರೆದಿತ್ತಂತೆ. ಇದೇನಮ್ಮ ಅಂದರೆ ನೀವು ಅವರ ಕೈಯಿಂದ ತೆಗೆದುಕೊಂಡು, ಮತ್ತೆ ಸುತ್ತಿ, ಟ್ರಂಕು ಮುಚ್ಚಿದಿರಂತೆ. ದೊಡ್ಡವರಾದ ಮೇಲೆ ಎಲ್ಲಿಂದಲೋ ಅವರಿಗೆ ಗೊತ್ತಾಯಿತು: ಆ ಬಿಲ್ಲೆ ಶೌಚಕ್ಕೆ ಹೋಗುವವರು ಕೊರಳಿಗೆ ಹಾಕಿಕೊಳ್ಳಬೇಕಾದ ಬಿಲ್ಲೆ, ಲೈನಿಗೊಂದೇ ಇರುತ್ತಿದ್ದದ್ದು. ಅಷ್ಟೇ ಸಾಕಾಯಿತು ನಮ್ಮ ಪಂಡಿತರಿಗೆ. ಅವಮಾನದ ಗುರುತನ್ನು ಮನೆಗೆ ತಂದು ಜೋಪಾನ ಮಾಡುವಷ್ಟು ಆಕೆ ಸೋತಿದ್ದಳು ಅಂತ ಬರೆದರು. ಕೊನೆಯ ವಾಕ್ಯ ಹೀಗಿದೆ ಅತ್ತೆ, ಮನಸ್ಸು ಕಲ್ಲು ಮಾಡಿಕೊಂಡು ಓದಿ: ‘ತನ್ನ ಸಂಕೋಲೆಯನ್ನೇ ಒಡವೆಯೆಂದು ಸುತ್ತಿಟ್ಟ ಹೆಣ್ಣಿಗೆ ಮಾತಿನ ಅಗತ್ಯವಾದರೂ ಏನಿತ್ತು?’

ಅನುವಾದ ಮಾಡುವಾಗ ನನಗೆ ಅಷ್ಟಾಗಿ ಏನೂ ಅನ್ನಿಸಲಿಲ್ಲ. ಪ್ರಕಾಶನದವರು ಮಾದರಿಗೆ ಒಂದು ಅಧ್ಯಾಯ ಕೇಳಿದ್ದರು, ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಇವರು ಕೊಟ್ಟರು, ಅವಸರದಲ್ಲಿ ಮಾಡಿ ಕಳಿಸಿದೆ.

ಆಮೇಲೆ, ಎರಡು ವಾರದ ಹಿಂದೆ, ಇವರ ಎರಡು ಪ್ಯಾಂಟು ಉದ್ದ ಕಡಿಮೆ ಮಾಡಿಸಲು ನಮ್ಮ ಬೀದಿಯ ತಿರುವಿನಲ್ಲಿರುವ ಆಲ್ಟ್ರೇಷನ್ ಅಂಗಡಿಗೆ ಹೋದೆ. ಮಷಿನ್, ಒಂದು ಸ್ಟೂಲು, ಒಬ್ಬ ಹೆಂಗಸು, ಅಷ್ಟಕ್ಕೇ ತುಂಬಿಹೋಗುವ ಅಂಗಡಿ. ಬೀದಿಯವರೆಲ್ಲ ಅವರನ್ನು ಕಾಜಾ ಅಕ್ಕ ಅನ್ನುತ್ತಾರೆ, ಗುಂಡಿಯ ಕಾಜಾ ಅವರ ಹಾಗೆ ಯಾರೂ ಹಾಕುವುದಿಲ್ಲವಂತೆ. ನಾನು ಸುಮ್ಮನೆ ಇರುವವಳಾ? ನಮ್ಮತ್ತೆಯೂ ಗಾರ್ಮೆಂಟ್ಸ್‌ನಲ್ಲಿದ್ದರು ಅಂದೆ. ಯಾವುದು ಅಂದರು. ಸೇತುವೆ ಪಕ್ಕ, ನೀಲಿ ಗೇಟು, ಮೂರನೇ ಲೈನಿನಲ್ಲಿ ಕಾಲರ್ ಅಂದೆ. ಪ್ಯಾಂಟು ಅವರ ಕೈಯಿಂದ ಕೆಳಗೆ ಬಿತ್ತು.

‘ಮೂರನೇ ಲೈನ್ ಕಾಲರ್? ಅವ್ಳ ಸೊಸೇನಾ ನೀನು? ಅಯ್ಯೋ, ಅವ್ಳು ಬಾಯಿ ತೆಗೆದ್ಲು ಅಂದ್ರೆ ಸೂಪರ್‌ವೈಸರ್ ಕಿವಿಗೆ ಹತ್ತಿ ಇಟ್ಕೊಳ್ತಿದ್ದ ಕಣೇ!’

ನಾನು, ಇಲ್ಲ ಅಕ್ಕ, ನಮ್ಮತ್ತೆ ಮೌನದವರು ಅಂದೆ. ಪುಸ್ತಕ ಓದಿದವಳಲ್ಲವಾ ನಾನು! ಅವರು ನಕ್ಕ ನಗುವಿಗೆ ಪಕ್ಕದ ಸೈಕಲ್ ಅಂಗಡಿಯವರು ಇಣುಕಿ ನೋಡಿದರು. ಆಮೇಲೆ ಎಲ್ಲ ಹೇಳಿದರು. ಒಂದು ಲೈನಿಗೆ ಮೂವತ್ತು ಜನ, ಒಂದು ಬಿಲ್ಲೆ. ಒಬ್ಬಳು ಹೋಗಿ ಬಂದು ಮೊಳೆಗೆ ನೇತು ಹಾಕಿದ ಮೇಲೆ ಇನ್ನೊಬ್ಬಳು. ಬಸುರಿಯಾದರೂ ಅಷ್ಟೇ, ಜ್ವರವಾದರೂ ಅಷ್ಟೇ. ನೀವು ಎರಡು ವರ್ಷ ವಾದ ಮಾಡಿದಿರಂತೆ, ಅರ್ಜಿ ಬರೆದಿರಂತೆ. ಆಗಲಿಲ್ಲ. ಒಂದು ಬುಧವಾರ ಸಂಜೆ ಎಂಟು ಲೈನಿನಿಂದ ಎಂಟು ಹೆಂಗಸರು ಎಂಟು ಬಿಲ್ಲೆ ಮನೆಗೆ ಒಯ್ದರಂತೆ. ಗುರುವಾರ ಬೆಳಿಗ್ಗೆ ಎಂಟು ಮೊಳೆಯೂ ಖಾಲಿ. ಸೂಪರ್‌ವೈಸರ್ ಕಿರುಚಿದನಂತೆ, ಬಿಲ್ಲೆ ಇಲ್ಲದೆ ಒಬ್ಬಳೂ ಏಳಕೂಡದು ಅಂತ. ಆಗ ನೀವು ನಿಮ್ಮ ಸ್ಟೂಲ್ ಮೇಲೆ ಹತ್ತಿ ನಿಂತು ಏನೆಂದಿರಿ ಅಂತ ಕಾಜಾ ಅಕ್ಕ ನಿಮ್ಮ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ಹೇಳಿದರು. ‘ಸರಿ ಸಾರ್, ನಿಮ್ಮ ಮಾತು ಮೀರಲ್ಲ. ಇನ್ನೂರ ನಲವತ್ತು ಜನಾನೂ ಏಳಲ್ಲ. ಇಲ್ಲೇ ಕೂತ್ಕೋತೀವಿ. ಆಮೇಲೆ ನೆಲ ಒರೆಸೋರು ಯಾರು ಅಂತ ನೀವೇ ಯೋಚ್ನೆ ಮಾಡಿ.’

ಹನ್ನೊಂದು ಗಂಟೆಗೆ ಮ್ಯಾನೇಜರೇ ಬಂದು ಶೌಚಾಲಯದ ಬಾಗಿಲು ತೆಗೆಸಿದರಂತೆ. ಆಮೇಲೆ ಆ ಕಾರ್ಖಾನೆಯಲ್ಲಿ ಬಿಲ್ಲೆ ಅನ್ನುವುದೇ ಹುಟ್ಟಲಿಲ್ಲವಂತೆ.

ಗುಂಡಿ ತುಂಬಿದ ಹಳೆಯ ಡಬ್ಬಿಯೊಂದನ್ನು ಕಾಜಾ ಅಕ್ಕ ಮೇಜಿನ ಮೇಲೆ ಸುರಿದರು. ಗುಂಡಿಗಳ ನಡುವೆ ಹಿತ್ತಾಳೆ ಬಿಲ್ಲೆ. ಮೇಲೆ ಐದು. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೆ ಅತ್ತೆ. ನನಗೆ ಅಳು ಬಂತು, ನಗು ಬಂತು, ಆಮೇಲೆ ಕಾಲಿನಿಂದ ಮೇಲಕ್ಕೆ ಬಿಸಿಬಿಸಿಯಾಗಿ ಕೋಪ ಬಂತು. ಮನೆಯಲ್ಲಿ ಯಾಕೆ ಹೇಳಲಿಲ್ಲ ಅವರು ಅಂತ ಕೇಳಿದೆ. ‘ಹೇಗೆ ಹೇಳ್ತಾಳೆ? ತಿಂಗಳುಗಟ್ಟಲೆ ಗೇಟ್ ಹತ್ರ ಚೀಲ ತಡಕಿದ್ರು, ಮನೆಮನೆಗೆ ಜನ ಕಳಿಸಿ ವಿಚಾರಿಸಿದ್ರು. ಅವಳ ಮಗನೋ, ಶಾಲೇಲಿ ಊದಿಬಿಡೋನು. ಬಿಲ್ಲೆ ಸಿಕ್ಕಿದ್ರೆ ಅವತ್ತೇ ಮನೆಗೆ. ದಿನಾ ಎಲ್ಲರ ಪರವಾಗಿ ಕೂಗಿ ಕೂಗಿ ಗಂಟಲು ಬೇರೆ ಹೋಗಿರ್ತಿತ್ತು. ಮನೇಲಾದ್ರೂ ಸುಮ್ಮನಿರಬೇಡ್ವಾ?’ ಅಂದರು.

ಇದು ಮೌನ. ಇದಕ್ಕೆ ನಿಮ್ಮ ಮಗ ಸಿದ್ಧಾಂತ ಬರೆದಿದ್ದಾರೆ.

ಮನೆಗೆ ಓಡಿ ಬಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ‘ಹೌದಾ?’ ಅಂದರು. ‘ಆಸಕ್ತಿಕರ’ ಅಂದರು. ಆಸಕ್ತಿಕರ! ಭಾನುವಾರ ಚರ್ಚೆಯಲ್ಲಿ ಇದನ್ನೆತ್ತು ಅಂದರು. ಸರಿ, ಒಳ್ಳೆಯದೇ ಆಯಿತು ಅಂದುಕೊಂಡೆ.

ಇವರ ಭಾನುವಾರದ ಬಳಗ ನಮ್ಮ ಮುಂದಿನ ಕೋಣೆಯಲ್ಲೇ ಸೇರುವುದು. ಇವರು, ಒಬ್ಬ ವಕೀಲರು, ಒಬ್ಬ ಗಣಿತದ ಮೇಷ್ಟ್ರು, ಕಾಲೇಜಿನ ಗ್ರಂಥಪಾಲಕರು. ಕುರ್ಚಿ ನಾಲ್ಕೇ, ಆದ್ದರಿಂದ ನನ್ನದು ಅಡುಗೆಮನೆ ಬಾಗಿಲ ಬಳಿ ಸ್ಟೂಲು. ಗ್ರಂಥಪಾಲಕರು ಪ್ರತಿಯೊಂದು ಮಾತನ್ನೂ ಗಂಟೆ ನಿಮಿಷದ ಸಮೇತ ಬರೆದಿಡುತ್ತಾರೆ. ಮುಂದಿನ ಭಾನುವಾರ ಆ ನಡಾವಳಿಯನ್ನು ಓದಿ, ಸಂಚಾಲಕರಾದ ನಿಮ್ಮ ಮಗ ಸಹಿ ಹಾಕುತ್ತಾರೆ. ಹತ್ತು ವರ್ಷದ ನಡಾವಳಿ ಇದೆ, ಒಂದು ದಿನ ಪುಸ್ತಕ ಮಾಡುತ್ತಾರಂತೆ.

ಆ ಭಾನುವಾರ ಐದನೆಯ ಅಧ್ಯಾಯದ ಚರ್ಚೆ. ಅದರಲ್ಲಿ ಆ ಜರ್ಮನ್ ಸಂಸ್ಥೆಯ ಮುಂದಿನ ತಲೆಮಾರಿನವರು ಬರುತ್ತಾರೆ. ಯಾರ ಬಲವಂತವೂ ಇಲ್ಲದೆ, ಯಾರು ಬೇಕಾದರೂ ಬಾಯಿ ತೆಗೆದು, ಒಳ್ಳೆಯ ವಾದ ಮಾತ್ರ ಗೆಲ್ಲುವಂಥ ಮಾತುಕತೆಯೇ ನಮ್ಮ ಬಿಡುಗಡೆಯ ದಾರಿ ಅಂದವರು. ಅವರ ಬೆನ್ನಿಗೇ ಕೆಲವು ಹೆಂಗಸರು, ನಿಮ್ಮ ಆ ಮಾತುಕತೆಯ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡು ಹೊರಗೆ ನಿಂತವಳು ಯಾರು ಅಂತ ಕೇಳಿದರು. ಕಣ್ಣೆದುರಿಗೇ ಇರುವ ಮನುಷ್ಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೂ ಒಂದು ಗಾಯ ಅಂತ ಇನ್ನೊಬ್ಬರು ಅಂದರು. ಇವರು ಇದನ್ನೆಲ್ಲ ಎಷ್ಟು ಸುಂದರವಾಗಿ ವಿವರಿಸಿದರು ಅಂದರೆ, ನಾನು ಸ್ಟೂಲಿನಿಂದ ಎದ್ದು ನಿಂತೇಬಿಟ್ಟೆ. ಐದೂ ಇಪ್ಪತ್ತಾಗಿತ್ತು. ಹತ್ತು ನಿಮಿಷ ಮಾತಾಡಿದೆ. ನಿಮ್ಮ ವಿಷಯ ಹೇಳಿದೆ, ಕಾಜಾ ಅಕ್ಕನ ವಿಷಯ ಹೇಳಿದೆ. ಎಲ್ಲವನ್ನೂ ವಿಚಾರಣೆ ಮಾಡುವ ಬುದ್ಧಿ ಮೊದಲು ತಾನೇ ಕಟಕಟೆ ಹತ್ತಲಿ ಅಂತ ಮೊದಲ ಅಧ್ಯಾಯದಲ್ಲಿ ಬರೆದವರು, ನಾಲ್ಕನೆಯದರಲ್ಲಿ ತಾಯಿಯನ್ನು ಕಟಕಟೆ ಹತ್ತಿಸಿ ತಾವೇ ನ್ಯಾಯಾಧೀಶರಾಗಿದ್ದಾರೆ, ಸಾಕ್ಷಿಯನ್ನು ಒಂದು ಮಾತು ಕೇಳಿಲ್ಲ ಅಂದೆ. ಈ ಅಧ್ಯಾಯ ಸುಳ್ಳು ಅಂದೆ.

ವಕೀಲರು ‘ಮನಮುಟ್ಟೋ ಹಾಗಿತ್ತಮ್ಮ’ ಅಂದರು. ಮೇಷ್ಟ್ರು ಚಾವಣಿ ನೋಡಿದರು. ಇವರು ಪುಟ ತಿರುವಿ, ‘ಸರಿ, ಎಲ್ಲಿದ್ವಿ?’ ಅಂದರು.

ನಿನ್ನೆ ಭಾನುವಾರ ಗ್ರಂಥಪಾಲಕರು ನಡಾವಳಿ ಓದಿದರು. ನಾನು ಬಾಗಿಲ ಬಳಿ ಕಿವಿಯಾಗಿ ಕೂತಿದ್ದೆ. ನನ್ನ ಮಾತನ್ನು ಹೇಗೆ ಬರೆದಿರುತ್ತಾರೋ, ತಪ್ಪು ಬರೆದಿದ್ದರೆ ತಿದ್ದಬೇಕು ಅಂತ ಪೆನ್ನು ಬೇರೆ ಹಿಡಿದುಕೊಂಡಿದ್ದೆ. ಅವರು ಓದಿದರು: ‘ಐದು ಇಪ್ಪತ್ತರಿಂದ ಐದೂವರೆ, ಚಹಾ ವಿರಾಮ.’

ಆ ದಿನ ನಾನು ಚಹಾ ಮಾಡಿಯೇ ಇರಲಿಲ್ಲ ಅತ್ತೆ. ಹಾಲು ಒಡೆದಿತ್ತು.

ಯಾರಿಗೂ ಏನೂ ಅನ್ನಿಸಲಿಲ್ಲ. ಗ್ರಂಥಪಾಲಕರು ಕೆಟ್ಟವರಲ್ಲ, ಮೋಸಗಾರರೂ ಅಲ್ಲ. ಅಡುಗೆಮನೆ ಬಾಗಿಲಿನಿಂದ ಏನು ಬಂದರೂ ಅದು ಚಹಾ ಅಂತ ಅವರ ಕೈಗೆ ಅಭ್ಯಾಸವಾಗಿದೆ, ಅಷ್ಟೇ. ಆದರೆ ನಿಮ್ಮ ಮಗ? ಅವರು ಪೆನ್ನು ತೆಗೆದು ಸಹಿ ಹಾಕಿದರು. ನನ್ನ ಕಣ್ಣೆದುರಿಗೆ, ಕೊನೆಯಲ್ಲಿ ಆ ಉದ್ದ ಬಾಲ ಎಳೆದು.

ಬಳಗದವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಕೆಳಗಿನ ಮನೆಯವರಿಗೆ ಕೇಳಿಸಿರುತ್ತದೆ, ಕೇಳಿಸಲಿ. ‘ಮನೆ ವಿಷ್ಯ ಅಂತ ಬಿಟ್ಟಿರ್ಬೇಕು ಕಣೇ, ನಾನು ಗಮನಿಸ್ಲಿಲ್ಲ’ ಅಂದರು. ನಿಮ್ಮಮ್ಮ ನಿಮ್ಮ ಪ್ರಬಂಧದಲ್ಲಿದ್ದಾಗ ಸಮಾಜ, ನಾನು ಬಾಯಿ ಬಿಟ್ಟಾಗ ಮನೆ ವಿಷಯವಾ ಅಂತ ಕೇಳಿದೆ. ‘ನಂಗಾಗ ಒಂಬತ್ತು ವರ್ಷ, ಅಮ್ಮ ಹೇಳ್ಲಿಲ್ಲ, ನಂಗೆ ಹೇಗೆ ಗೊತ್ತಾಗ್ಬೇಕು?’ ಅಂದರು. ಬರೆಯುವಾಗ ಒಂಬತ್ತಾಗಿತ್ತಾ ಅಂದೆ. ಒಂದು ಅಡಿಟಿಪ್ಪಣಿ ಸರಿಯಿದೆಯೋ ಇಲ್ಲವೋ ನೋಡಲು ಎರಡು ದಿನ ಪ್ರಯಾಣ ಮಾಡಿ ಇನ್ನೊಂದು ಊರಿನ ಗ್ರಂಥಾಲಯಕ್ಕೆ ಹೋಗಿದ್ದರಂತೆ. ಆ ಕಥೆಯನ್ನು ನನಗೆ ಹೆಮ್ಮೆಯಿಂದ ಹತ್ತು ಸಲ ಹೇಳಿದ್ದಾರೆ. ನಿಮ್ಮ ಮನೆಗೆ ರೈಲಿನಲ್ಲಿ ಐದು ಗಂಟೆ. ಆ ಕೊನೆಯ ವಾಕ್ಯವನ್ನು, ಒಡವೆ ಸಂಕೋಲೆಯ ವಾಕ್ಯವನ್ನು, ಅವರ ಮುಖಕ್ಕೆ ಹಿಡಿದು ಮೂರು ಸಲ ಗಟ್ಟಿಯಾಗಿ ಓದಿದೆ. ಹೆತ್ತ ತಾಯಿಯ ಬಗ್ಗೆ ಇದನ್ನು ಬರೆಯಲು ನಿಮಗೆ ಕೈ ಹೇಗೆ ಬಂತು ಅಂದೆ. ಅವರು ತಲೆ ತಗ್ಗಿಸಿ ನಿಂತರು. ಆಮೇಲೆ ಮೆಲ್ಲಗೆ ಏನೆಂದರು ಗೊತ್ತಾ? ‘ಒಂದು ಅಡಿಟಿಪ್ಪಣಿ ಹಾಕೋಣ.’

ನಿಮಗೆ ಅಡಿಟಿಪ್ಪಣಿ, ಅತ್ತೆ! ಸ್ಟೂಲ್ ಹತ್ತಿ ನಿಂತವರಿಗೆ!

ಇವತ್ತು ಬೆಳಿಗ್ಗೆ ಪತ್ರ ಬಂದಾಗ ಇಬ್ಬರೂ ಒಂದು ನಿಮಿಷ ಎಲ್ಲ ಮರೆತು ತಬ್ಬಿಕೊಂಡೆವು. ನಿಜ ಹೇಳುತ್ತೇನೆ, ಮುಚ್ಚಿಡುವುದಿಲ್ಲ, ನನಗೆ ಅವರೆಂದರೆ ಪ್ರಾಣ. ನಗುವಾಗ ಕನ್ನಡಕ ಮೂಗಿನ ತುದಿಗೆ ಬರುತ್ತದಲ್ಲ, ಅದನ್ನು ನೋಡಲು ದಿನಕ್ಕೊಂದು ಜೋಕು ಹೊಸೆಯುತ್ತೇನೆ. ಆದರೆ ಆ ಒಂದು ನಿಮಿಷ ಮುಗಿಯಿತು. ಪ್ರಕಾಶನದವರಿಗೆ ಇಡೀ ಹಸ್ತಪ್ರತಿ ಈ ತಿಂಗಳ ಕೊನೆಯೊಳಗೆ ಬೇಕು, ಇಲ್ಲದಿದ್ದರೆ ಈ ವರ್ಷದ ಪಟ್ಟಿಯಿಂದ ಕೈಬಿಡುತ್ತಾರಂತೆ. ನಾನು ಅವರ ಮುಖ ನೋಡಿದೆ. ‘ನಾಲ್ಕನೇದು ಈಗ ಹೀಗೇ ಹೋಗ್ಲಿ, ಅದನ್ನು ತೆಗೆದ್ರೆ ಪುಸ್ತಕದ ಬೆನ್ನುಮೂಳೆಯೇ ಹೋಗುತ್ತೆ, ಮುಂದಿನ ಮುದ್ರಣದಲ್ಲಿ ನೋಡೋಣ’ ಅಂದರು. ನಿಮ್ಮ ಮೇಲಿನ ಸುಳ್ಳೇ ಇವರ ಪುಸ್ತಕದ ಬೆನ್ನುಮೂಳೆಯಾದರೆ, ಅದು ಮುರಿದರೇ ಒಳ್ಳೆಯದು. ನಾನು ನಾಲ್ಕನೆಯ ಅಧ್ಯಾಯದ ಅನುವಾದವನ್ನು ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಮ್ಮ ಓದುವವರೆಗೆ ಇದು ಈ ಬ್ಯಾಗು ಬಿಟ್ಟು ಆಚೆ ಬರುವುದಿಲ್ಲ ಅಂದೆ.

‘ಅಮ್ಮನಿಗೆ ನೋವಾಗುತ್ತೆ’ ಅಂದರು. ನೋಡಿ, ಇಷ್ಟಾದರೂ ನಿಮಗೆ ಏನಾಗುತ್ತದೆ ಅಂತ ಹೇಳುವವರು ಅವರೇ!

ಹಾಗಾದರೆ ನೀವೇ ಅಮ್ಮನಿಗೆ ಒಂದು ಪತ್ರ ಬರೆಯಿರಿ, ನನ್ನದರ ಜೊತೆ ಕಳಿಸುತ್ತೇನೆ ಅಂದೆ. ಕೂತರು. ನಾಲ್ಕು ಹಾಳೆ ಹರಿದರು. ‘ಅಮ್ಮಾ’ ಅಂತ ಬರೆದ ಮೇಲೆ ಮುಂದೆ ಹೋಗಲೇ ಇಲ್ಲ. ಆಮೇಲೆ ಕ್ಲಾಸಿಗೆ ಹೊತ್ತಾಯಿತು ಅಂತ ಊಟವನ್ನೂ ಮಾಡದೆ ಹೋದರು. ನಿಮ್ಮ ಬಗ್ಗೆ ಪುಟಗಟ್ಟಲೆ ಬರೆದವರಿಗೆ ನಿಮಗೆ ಬರೆಯಲು ಮೂರು ಸಾಲು ಹುಟ್ಟಲಿಲ್ಲ.

ನಿಮ್ಮ ಮೇಲೂ ಸ್ವಲ್ಪ ಕೋಪ ಇದೆ, ಹೇಳಿಬಿಡುತ್ತೇನೆ. ಕಾರ್ಖಾನೆ ಬಿಟ್ಟ ಮೇಲೆ ಚೀಲ ತಡಕುವವರು ಯಾರಿದ್ದರು? ಆ ಕಪ್ಪು ರಟ್ಟಿನ ಪುಸ್ತಕದ ಧೂಳು ಒರೆಸುತ್ತಾ ಒಂದು ದಿನವಾದರೂ ‘ಕೂತ್ಕೊಳೋ, ನಿಂಗೊಂದು ವಿಷ್ಯ ಹೇಳ್ಬೇಕು’ ಅನ್ನಬಾರದಿತ್ತಾ? ಮಗ ಕೇಳಲಿ ಅಂತ ಕಾದಿರಾ? ಇನ್ನೂರ ನಲವತ್ತು ಜನರ ಪರವಾಗಿ ಕೇಳಲು ಹೆದರದವರು ಒಬ್ಬ ಮಗನ ಹತ್ತಿರ ಯಾಕೆ ಸುಮ್ಮನಾದಿರಿ? ನೀವು ನನಗೆ ಬೈದರೂ ಸರಿ, ಇದಕ್ಕೆ ಉತ್ತರ ಬೇಕು.

ನನಗೆ ಬೇಕಾದದ್ದು ಇಷ್ಟು. ನಾನೇ ಅಲ್ಲಿಗೆ ಬಂದು ಆ ಮೂರು ಪುಟ ನಿಮಗೆ ಓದುತ್ತೇನೆ, ಒಂದು ಪದವನ್ನೂ ಮೆತ್ತಗೆ ಮಾಡುವುದಿಲ್ಲ. ಆಮೇಲೆ ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಅದು ಈ ಮೂರು ಪುಟದ ಜಾಗದಲ್ಲಿ ಬರಬೇಕೋ, ಪಕ್ಕದಲ್ಲಿ ಬರಬೇಕೋ, ಅಥವಾ ನಿಮ್ಮ ಹೆಸರೇ ಬೇಡವೋ, ನೀವು ಅಂದ ಹಾಗೆ. ನೀವು ಬೇಡ ಅಂದರೆ ಪುಸ್ತಕ ಬರುವುದಿಲ್ಲ, ನನ್ನ ಹೆಸರೂ ಬರುವುದಿಲ್ಲ. ಬೆಳಿಗ್ಗೆ ಕುಪ್ಪಳಿಸಿದ್ದು ಬೆಳಿಗ್ಗೆಗೇ ಆಯಿತು ಅಂದುಕೊಳ್ಳುತ್ತೇನೆ. ಇವರು ತಾವೂ ಬರುತ್ತೇನೆ ಅಂದರೆ ಈಗ ಬೇಡ ಅನ್ನುತ್ತೇನೆ. ನೀವು ಕರೆದ ದಿನ ಬರಲಿ. ಬಂದು ಸ್ಟೂಲ್ ಮೇಲೆ ಕೂತು ಕೇಳಲಿ.

ಇಂತಿ,
ಕೋಪದಲ್ಲಿರುವ, ಆದರೂ ನಿಮ್ಮನ್ನು ನೆನೆದರೆ ನಗು ತಡೆಯಲಾಗದ
ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಅನುವಾದ ಮಾಡುವಾಗ ಏನೂ ಅನ್ನಿಸಲಿಲ್ಲ ಅಂದೆನಲ್ಲ, ಸುಳ್ಳು. ಅತ್ತಿದ್ದೆ. ಎಷ್ಟು ಚೆಂದ, ಎಷ್ಟು ಚೆಂದ ಅಂತ ಅಂದುಕೊಂಡು ಅತ್ತಿದ್ದೆ. ಚೆಂದ ಇನ್ನೂ ಸ್ವಲ್ಪ ಇರಲಿ ಅಂತ ಕೊನೆಗೆ ಒಂದು ವಾಕ್ಯ ನಾನೇ ಸೇರಿಸಿದೆ. ಸಂಕೋಲೆಯನ್ನು ಒಡವೆಯೆಂದು ಸುತ್ತಿಟ್ಟ ಹೆಣ್ಣಿನ ವಾಕ್ಯ ಇಂಗ್ಲಿಷಿನಲ್ಲಿ ಎಲ್ಲೂ ಇಲ್ಲ ಅತ್ತೆ. ಅದು ನನ್ನದು. ಓದಿದಾಗ ಇವರು ‘ಇದನ್ನ ನಾನು ಬರ್ದಿದ್ನಾ?’ ಅಂತ ಕಣ್ಣರಳಿಸಿದರು, ‘ಮತ್ತಿನ್ಯಾರು?’ ಅಂದೆ. ನಿನ್ನೆ ನಾನು ಅದನ್ನು ಮೂರು ಸಲ ಮುಖಕ್ಕೆ ಹಿಡಿದಾಗ ತಮ್ಮದೇ ಅಂದುಕೊಂಡು ತಲೆ ತಗ್ಗಿಸಿ ನಿಂತರಲ್ಲ, ಆಗಲೂ ನಾನು ಹೇಳಲಿಲ್ಲ. ಇವತ್ತಿನ ಪತ್ರದಲ್ಲಿ ಪ್ರಕಾಶನದವರು ಆ ಒಂದು ವಾಕ್ಯವನ್ನೇ ಎತ್ತಿ ಬರೆದು, ಇದನ್ನು ಓದಿ ಒಪ್ಪಿಕೊಂಡೆವು ಅಂದಿದ್ದಾರೆ. ಇವರಿಗೆ ಇನ್ನೂ ಹೇಳುವ ಧೈರ್ಯ ಬಂದಿಲ್ಲ, ಹೊರಡುವ ಮೊದಲು ಹೇಳಿಯೇ ಬರುತ್ತೇನೆ. ನಿಮ್ಮ ಎದುರು ಓದುವಾಗ ಆ ವಾಕ್ಯ ಬಂದಾಗ ನನ್ನ ಮುಖ ನೋಡಿ, ಬೇರೆಯವರದ್ದಲ್ಲ. ಬಾಗಿಲು ತೆಗೆಯದಿದ್ದರೂ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಶುಕ್ರವಾರ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಇಲ್ಲಿಂದ ಹೊರಡುವ ಪ್ಯಾಸೆಂಜರ್. ಹನ್ನೊಂದೂವರೆಗೆ ನಿಮ್ಮ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.